ಸಾಹೇಬರು ತಪಾಸಣೆಗೆ ಬಂದ ದಿನ

ಎಲ್ಲರಿಗೂ ನಮಸ್ಕಾರ. ಅತ್ತಿಗೆಗೆ, ಅವರ ಪಕ್ಕದಲ್ಲಿ ಕೂತಿರುವ ಮಗಳಿಗೆ, ಮಾನ್ಯ ಆರೋಗ್ಯ ಮಂತ್ರಿಗಳಿಗೆ, ಇಲಾಖೆಯ ಗೆಳೆಯರಿಗೆ — ಕೆಲಸ ಬಿಟ್ಟು ಬಂದಿದ್ದೀರಿ, ದೊಡ್ಡ ಉಪಕಾರವಾಯಿತು.

ನಮ್ಮ ಇಲಾಖೆಯ ನಿರ್ದೇಶಕರು ಹೃದಯಾಘಾತದಿಂದ ತೀರಿಕೊಂಡರು ಎಂದು ನೀವೆಲ್ಲ ಕೇಳಿದ್ದೀರಿ. ಇವತ್ತು ಬೆಳಿಗ್ಗೆ ಅತ್ತಿಗೆ — ಅವರ ಮಡದಿಯನ್ನು ನಾನು ಹಾಗೇ ಕರೆಯುವುದು — ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು: "ನೀವಾದ್ರೂ ನಿಜ ಹೇಳ್ಬಿಡಿ. ಸುಳ್ಳು ಹೇಳಿ ಹೇಳಿ ನಂಗೆ ಸಾಕಾಗಿಹೋಗಿದೆ."

ಆದ್ದರಿಂದ ಹೇಳುತ್ತಿದ್ದೇನೆ. ಅವರನ್ನು ಕೊಂದದ್ದು ನೋವಿನ ಮಾತ್ರೆ. ಯಾವ ಮಾತ್ರೆಯ ಚಟದಿಂದ ಜನರನ್ನು ಬಿಡಿಸಿ ಎಂದು ಸರ್ಕಾರ ಅವರನ್ನು ನಿರ್ದೇಶಕರ ಕುರ್ಚಿಯಲ್ಲಿ ಕೂರಿಸಿತ್ತೋ — ಅದೇ ಮಾತ್ರೆ.

ಹಿಂದೆ ಕೂತವರು ದಯವಿಟ್ಟು... ಪೂರ್ತಿ ಕೇಳಿ.

ಅವರು ಆ ಕುರ್ಚಿಗೆ ಬಂದಾಗ ಊರಿಗೂರೇ ಈ ಮಾತ್ರೆ ನುಂಗುತ್ತಿತ್ತು. ಭಾರ ಹೊತ್ತು ಸೊಂಟ ಮುರಿದುಕೊಂಡವರಿಗೆ ವೈದ್ಯರೇ ಬರೆದುಕೊಟ್ಟ ಮಾತ್ರೆ. ಮೊದಲ ಸಭೆಯಲ್ಲಿ ಒಬ್ಬ ಹಿರಿಯ ಅಧಿಕಾರಿ ಮೇಜು ಕುಟ್ಟಿದರು — ಹೀಗೆ — "ಇವ್ರನ್ನೆಲ್ಲ ಒಳಗೆ ಹಾಕಿದ್ರೆ ಮುಗೀತಪ್ಪ!" ನಮ್ಮ ನಿರ್ದೇಶಕರು ಮುಖದಲ್ಲಿ ನಗು ತೋರಿಸದೆ ಕೇಳಿದರು: "ಹಾಕೋಣ ಸಾರ್. ಊರಿಗೆ ಬೀಗ ಎಷ್ಟು ದೊಡ್ಡದು ಬೇಕು?" ಸಭೆಯೆಲ್ಲ ನಕ್ಕಿತು. ಆ ನಗುವಿನಲ್ಲೇ ಅವರು ಕೇಳಿದ್ದ, ಚಟ ಬಿಡಿಸುವ ಚಿಕಿತ್ಸಾ ಕೇಂದ್ರಗಳಿಗೆ ಒಪ್ಪಿಗೆ ಸಿಕ್ಕಿತು.

ಆದರೆ ಒಂದು ಷರತ್ತಿನ ಮೇಲೆ. ಸರ್ಕಾರಿ ನೌಕರ ಆ ಕೇಂದ್ರಕ್ಕೆ ಚಿಕಿತ್ಸೆಗೆ ಹೋದರೆ ಕೆಲಸದಿಂದ ವಜಾ. ಜನರಿಗೆ ಮಾದರಿಯಾಗಬೇಕಂತೆ! ನಮ್ಮ ನಿರ್ದೇಶಕರು ವಾದಿಸಿದರು, ರೇಗಿದರು, ಕೊನೆಗೆ ಸಹಿ ಹಾಕಿದರು. ಹೊರಗೆ ಬಂದು ನನಗೆ ಹೇಳಿದರು: "ಇದೊಂದು ಮುಳ್ಳು ನುಂಗ್ಕೊಂಡ್ರೆ ಕೇಂದ್ರದ ಬಾಗಿಲಾದ್ರೂ ತೆಗೆಯುತ್ತಲ್ಲ ಮಾರಾಯ."

ಬಾಗಿಲು ತೆರೆಯಿತು. ಅದರಿಂದ ಬದುಕಿದವರು ಈ ಸಭೆಯಲ್ಲೂ ಇದ್ದಾರೆ.

ಮುಂದಿನ ವರ್ಷ ಅವರು ಕಚೇರಿಯ ಮೆಟ್ಟಿಲಲ್ಲಿ ಜಾರಿ ಬಿದ್ದರು. ಬೆನ್ನಿಗೆ ಶಸ್ತ್ರಚಿಕಿತ್ಸೆ ಆಯಿತು. ನೋವು ತಡೆಯಲು ಅದೇ ಮಾತ್ರೆ ಬಂತು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ನಮಗೆ ಯಾರಿಗೂ ಗೊತ್ತಾಗಲಿಲ್ಲ — ಅತ್ತಿಗೆಯೊಬ್ಬರನ್ನು ಬಿಟ್ಟು.

ಒಂದು ದಿನ ಅತ್ತಿಗೆ ಹಟ ಹಿಡಿದು ಅವರನ್ನು ಕಾರಿನಲ್ಲಿ ಕೇಂದ್ರಕ್ಕೆ ಕರೆದುಕೊಂಡು ಹೋದರು. "ಕೆಲಸ ಹೋದ್ರೆ ಹೋಗ್ಲಿ, ನೀವು ಉಳೀರಿ." ಅವರು ಒಪ್ಪಿ ಇಳಿದರಂತೆ. ಸಾಲಿನಲ್ಲಿ ನಿಂತಿದ್ದವರು ಗುರುತು ಹಿಡಿದುಬಿಟ್ಟರು. "ಸಾಹೇಬ್ರು ತಪಾಸಣೆಗೆ ಬಂದಿದಾರೆ, ದಾರಿ ಬಿಡ್ರೋ!" ಒಬ್ಬ ಅಜ್ಜಿ ಅವರ ಎರಡೂ ಕೈ ಹಿಡಿದುಕೊಂಡು, "ನನ್ ಮಗನ್ನ ಉಳಿಸಿಕೊಟ್ಟೆ ಕಣಪ್ಪ, ನೂರು ಕಾಲ ಬಾಳು" ಅಂದಳಂತೆ.

ಅವರು ಏನು ಮಾಡಿದರು ಗೊತ್ತೇ? ತಪಾಸಣೆ ಮಾಡಿದರು. ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ನೋಡಿದರು. ಕಾಲು ಅಲ್ಲಾಡುವ ಬೆಂಚನ್ನು ಬದಲಾಯಿಸಿ ಎಂದರು. ಕಾರಿಗೆ ಮರಳಿ, ಬಾಗಿಲು ಹಾಕಿಕೊಂಡು, ಮಗುವಿನ ಹಾಗೆ ಅತ್ತರಂತೆ. "ಅಲ್ಲಿ ನಾನು ಹೇಗೆ ಕೂರ್ಲಿ? ನೀನೇ ಹೇಳು."

ಮತ್ತೆ ಹೋಗಲಿಲ್ಲ. ಕಳೆದ ಭಾನುವಾರ ಅವರು ಬಿದ್ದಿದ್ದ ಬಚ್ಚಲುಮನೆಯ ಬಾಗಿಲು ಒಡೆದದ್ದು ಮಗಳು.

ಮಾನ್ಯ ಮಂತ್ರಿಗಳೇ, ಹೂವಿನ ಹಾರಕ್ಕೆ ನಾವು ಋಣಿಗಳು. ಆ ಷರತ್ತು ಮಾತ್ರ ಇವತ್ತಿಗೂ ಜಾರಿಯಲ್ಲಿದೆ. ಸಹಿ ಹಾಕಿದವರು ಹೋದರು. ಅಳಿಸಬಲ್ಲವರು ನೀವು. ಇಲ್ಲಿ ಕೂತಿರುವ ಗುಮಾಸ್ತರಲ್ಲಿ, ಚಾಲಕರಲ್ಲಿ, ನನ್ನಂಥ ಅಧಿಕಾರಿಗಳಲ್ಲಿ ಇನ್ನೂ ಯಾರ್ಯಾರು ಇದೇ ಮಾತ್ರೆ ನುಂಗುತ್ತಾ ಬಾಯಿ ಮುಚ್ಚಿಕೊಂಡು ಕೂತಿದ್ದಾರೋ — ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಅದೇ ನನಗೆ ಭಯ.

ಹಾಗಿರುವವರು ಯಾರಾದರೂ ಇದ್ದರೆ — ಪಕ್ಕದ ಕೋಣೆಯಲ್ಲಿ ಒಬ್ಬರು ನರ್ಸಮ್ಮ ಕೂತಿದ್ದಾರೆ. ಅತ್ತಿಗೆಯೇ ಕರೆಸಿದ್ದು. ಅವರು ಹೆಸರು ಕೇಳುವುದಿಲ್ಲ.

ಇನ್ನು ನನ್ನ ಮಾತು ಸಾಕು. ಮಗಳು ಆಗಲೇ ಎದ್ದು ನಿಂತಿದ್ದಾಳೆ. ಅವಳನ್ನು ಒಂಟಿಯಾಗಿ ನಿಲ್ಲಿಸುವುದು ಬೇಡ. ಏಳಿ — ಎಲ್ಲರೂ, ಮಂತ್ರಿಗಳೂ — ಸ್ವಲ್ಪ ಹೊತ್ತು ಅವಳ ಜೊತೆ ನಿಲ್ಲೋಣ.