ಅಂಬಾಸಿಡರಿನ ಕೆಂಪು ಬಲ್ಬ್

ಕೊಪ್ಪಳದ ಆಸ್ಪತ್ರೆಯೊಂದರ ಶವಾಗಾರದ ಮುಂದೆ, ನನ್ನ ಪಕ್ಕದ ಬೆಂಚಿನಲ್ಲಿ ಇಬ್ಬರು ಕೂತಿದ್ದರು: ಗ್ಯಾರೇಜಿನ ಮುದುಕ ಇಬ್ರಾಹಿಂಸಾಬ ಮತ್ತು ಆ ಬೆಳಿಗ್ಗೆ ತಾಯಿ ಉಡಚಮ್ಮನನ್ನು ಕಳೆದುಕೊಂಡಿದ್ದ ಓಬಳೆಪ್ಪ.

"ಅಂಬಾಸಿಡರ್ ಎಲ್ಲಿ ನಿಂತಿತೋ?" ಎಂದು ಮುದುಕ ಕೇಳಿದ.

"ರೈಲ್ವೆ ಗೇಟಿನ್ಯಾಗ್ರಿ ಚಾಚಾ. ಪೆಟ್ರೋಲ್ ಉಳೀಲಿ ಅಂತ ದಿನದಂಗ ಬಂದ್ ಮಾಡಿದೆ. ಗೇಟ್ ತಗದ್ರು, ಗಾಡಿ ಚಾಲೂನ ಆಗಲಿಲ್ಲ. ಹಿಂದ ಅವ್ವ ಎದಿ ಹಿಡ್ಕೊಂಡು ಕುಂತಿದ್ಲು."

"ಬ್ಯಾಟರಿ?"

"ಹೊಸಾದ್ರಿ. ಆದ್ರೂ ಇಳೀತಿತ್ತು."

"ಮೀಟರಿನ್ಯಾಗ ಕೆಂಪು ಬಲ್ಬ್ ಹತ್ತತಿತ್ತೇನು?"

"ಅದನ್ನ ಹೋದ ತಿಂಗಳ ತಗದೀನ್ರಿ."

"ತಗದಿ? ಆ ಬಲ್ಬಿನ್ಯಾಗ ಹಾದು ಕರೆಂಟ್ ಹೋದ್ರನ ಆಲ್ಟರ್ನೇಟರ್ ಬ್ಯಾಟರಿ ಚಾರ್ಜ್ ಮಾಡತೈತೋ! ಯಾಕ ತಗದಿ?"

"ಮಿಣಮಿಣ ಅಂತಿತ್ರಿ. ಗಾಡಿ ಕೆಟ್ಟೈತಿ ಅಂತ ಅವ್ವ ಹತ್ತಾಕ ಅಂಜತಿದ್ಲು."



"ಉಡಚಮ್ಮನ ಕಡೆಯವರು ಬರ್ರಿ," ಎಂದು ಒಳಗಿನಿಂದ ಯಾರೋ ಕೂಗಿದರು.

"ನನ್ನ ಟಂಟಂ ಆಟೋದಾಗ ಒಯ್ಯೋಣು ನಡಿಯಪ್ಪ," ಎಂದ ಇಬ್ರಾಹಿಂಸಾಬ.

"ಬ್ಯಾಡ್ರಿ. ನಮ್ಮ ಗಾಡಿ ಜಗ್ಗಿಸ್ಕೊಂಡು ಬಂದೀನಿ, ಹೊರಗ ಐತಿ. ನಾಕ ಮಂದಿ ತಳ್ಳಿದ್ರ ಚಾಲೂ ಆಕೈತಿ."

ಓಬಳೆಪ್ಪ ಎದ್ದು, ಕಿಸೆಯಿಂದ ಕಡಲೆಯಷ್ಟು ಬಲ್ಬೊಂದನ್ನು ತೆಗೆದು ಮುದುಕನ ಅಂಗೈಯಲ್ಲಿಟ್ಟ.

"ಮೊದ್ಲ ಇದನ್ನ ಹಾಕ್ರಿ ಚಾಚಾ. ಈಗ ಆಕಿ ಅಂಜಂಗಿಲ್ಲ," ಎಂದು ಬಾಗಿಲ ಕಡೆ ನಡೆದ.