ಗೆರೆ ಅಲುಗದ ರಾತ್ರಿ

ಇದು ನಮ್ಮ ದೊಡ್ಡಪ್ಪನ ಮಗನಿಗೆ ಆದದ್ದು. ಕಟ್ಟಿ ಹೇಳ್ತಿಲ್ಲ.

ಕೆಲಸ ಮುಗಿಸಿ ಕತ್ತಲಲ್ಲಿ ಮನೆಗೆ ಹೊರಟಿದ್ದ. ದಾರಿಯಲ್ಲೊಂದು ಹಾಳು ಬಾವಿ. ಅಲ್ಲಿ ಕಾಲು ನಿಂತಿತು. ಒಳಗೆ ನೀರು ತೊಟ್ಟಿಕ್ಕುತ್ತಿತ್ತು... ತೊಟ್... ತೊಟ್... ಅವನು ಬಾವಿಗೆ ಹೆದರಲಿಲ್ಲ. ಹೆದರಿದ್ದು ಮನೆ ಬೀಗಕ್ಕೆ. ಹೆಂಡತಿ ತೀರಿಹೋದಮೇಲೆ ಆ ಬೀಗ ತೆಗೆಯೋದೆಂದರೆ ಅವನಿಗೆ ಜೀವ ಹಿಂಡಿದ ಹಾಗೆ. ಕೆಲಸದ ಜಾಗಕ್ಕೇ ವಾಪಸ್ ತಿರುಗಿದ.

ಅಲ್ಲಿ ಗೇಟಿನ ಕಾವಲಿನವನು ಹೊಸಬ. "ಏನ್ ಸಾರ್, ಮನೇಲಿ ಬೈದು ಓಡಿಸಿದ್ರಾ?" ಅಂತ ನಕ್ಕ.

"ಹೂಂ ಕಣಪ್ಪ," ಅಂದ ಇವನು.

ಅಳೆಯೋ ಯಂತ್ರಗಳನ್ನೇ ಅಳೆದು ಸರಿಮಾಡೋದು ಇವನ ಕೆಲಸ. ರೇಡಿಯೋ ಅಲೆ ಒಂದೇ ಸಮ ಬರುತ್ತಾ, ಒಳಗೊಳಗೇ ನಡುಗುತ್ತಾ ಅಂತ ನೋಡೋ ಯಂತ್ರ. ಆ ನಡುಕಕ್ಕೆ ಫೇಸ್ ನಾಯ್ಸ್ ಅಂತಾರೆ. ಪರದೆ ಮೇಲೆ ಅದೊಂದು ಗೆರೆ. ಒಳಗಿನ ಹರಳು ಬಲು ಸೂಕ್ಷ್ಮ. ಪಕ್ಕದಲ್ಲಿ ಯಾರಾದರೂ ಹೆಜ್ಜೆ ಇಟ್ಟರೆ ಸಾಕು, ಗೆರೆಗೆ ಗೂನು ಬರುತ್ತೆ. ಅದಕ್ಕೇ ರಾತ್ರಿ ಅಳೆಯೋದು.

ಹೆಂಡತಿ ಇದ್ದಾಗ ಊಟ ತರುತ್ತಿದ್ದಳು. ಇವನು ಬಾಗಿಲಲ್ಲೇ ಗದರೋನು, "ನಿಲ್ಲೇ, ಗೆರೆ ಕುಣೀತಿದೆ." ಅವಳು ಗೊಂಬೆ ಹಾಗೆ ನಿಲ್ಲೋಳು. ಆಮೇಲೆ ಮೆಲ್ಲಗೆ, "ನನ್ನ ಸವತಿ ಮಲಗಿದ್ಲಾ? ಬರ್ಲಾ?" ಯಂತ್ರಕ್ಕೆ ಅವಳಿಟ್ಟ ಹೆಸರು ಸವತಿ.

ಆ ರಾತ್ರಿ ಅಗುಳಿ ಹಾಕಿ ಕೂತ. ಕಿವಿಗೆ ಹೆಡ್‌ಫೋನ್. ನಡುಕ ಅದರಲ್ಲಿ ಕೇಳುತ್ತೆ... ಸುಂಯ್ ಅಂತ.

ಸುಂಯ್... ಸುಂಯ್...

ದಪ್.

ಆಮೇಲೆ, ಸರ್ರ್...

ಗೆರೆಗೆ ಗೂನು ಬಂತು. ದಪ್... ಸರ್ರ್... ಅವಳು ಎಡಗಾಲು ಹಾಗೇ ಎಳೆದು ನಡೀತಿದ್ದಳು.

ಹೆಡ್‌ಫೋನ್ ತೆಗೆದ. ಕೋಣೆ ಖಾಲಿ. ಮತ್ತೆ ಹಾಕಿಕೊಂಡ. ದಪ್... ಸರ್ರ್... ಹತ್ತಿರ ಬರ್ತಾ ಇತ್ತು.

ಅಭ್ಯಾಸ ನೋಡಿ... ಬಾಯಿಗೆ ಅದೇ ಮಾತು ಬಂತು.

"ನಿಲ್ಲೇ, ಗೆರೆ ಕುಣೀತಿದೆ."

ನಿಂತಿತು. ಗೆರೆ ಮಟ್ಟಸ.

"ಇಲ್ಲ ಕಣೇ... ಬಾ. ನಿನ್ನ ಸವತಿ ಮಲಗಿದ್ಲು, ಬಾ," ಅಂತ ಪಿಸುಗುಟ್ಟಿದ.

ಸದ್ದಿಲ್ಲ.

"ಒಂದು ಹೆಜ್ಜೆ... ಒಂದೇ ಒಂದು."

ಇಲ್ಲ. ಯಂತ್ರ ಇಟ್ಟಿದ್ದ ಮೇಜನ್ನೇ ಗುದ್ದಿದ. ಬಿಕ್ಕಿಬಿಕ್ಕಿ ಅತ್ತ. ಬೆಳಗಾಗೋವರೆಗೂ ಗೆರೆ ಅಲುಗಲಿಲ್ಲ.

ಬೆಳಿಗ್ಗೆ ಮೇಲಧಿಕಾರಿ ಬಂದು ರಾತ್ರಿಯ ಗೆರೆ ನೋಡಿದ. "ಏನಯ್ಯಾ, ಯಂತ್ರ ಆರಿಸಿ ನಿದ್ದೆ ಹೊಡೆದ್ಯಾ? ಓಡೋ ಯಂತ್ರಕ್ಕೆ ಅದರದೇ ಉಸಿರಿನಂಥ ಒಂದು ಸಣ್ಣ ನಡುಕ ಇರುತ್ತಲ್ಲ, ಅದೂ ಬಂದಿಲ್ಲ!"

ಯಂತ್ರ ಓಡ್ತಾನೇ ಇತ್ತು. ಮುಟ್ಟಿದರೆ ಬಿಸಿ. ಗುದ್ದಿದ ಕಡೆ ಮೇಜಿನ ಹಲಗೆ ಉದ್ದಕ್ಕೆ ಸೀಳಿತ್ತು. ಗೆರೆಯಲ್ಲಿ ಆ ಗುದ್ದೂ ಇಲ್ಲ, ಆ ಅಳುವೂ ಇಲ್ಲ.

ಆ ಸೀಳನ್ನು ನಾನು ಬೆರಳಿಟ್ಟು ನೋಡಿದ್ದೇನೆ.