ಬಸವಕುಮಾರ ಅವರ ಮನೆ ಮುಂದೆ ಡೊಳ್ಳು ಬಾರಿಸಿದ ಬಗ್ಗೆ

ನಾನು ರೇವಪ್ಪ ತಂದೆ ಕರೆಪ್ಪ ಪೂಜಾರಿ, ವಯಸ್ಸು 38 ವರ್ಷ, ಉದ್ಯೋಗ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಕೆಲಸ, ಸಾಕಿನ್ ಹುನ್ನೂರ, ತಾಲೂಕು ಜಮಖಂಡಿ. ನನ್ನ ಮೇಲೆ ಬಂದ ದೂರಿನ ಬಗ್ಗೆ ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಕಾರ್ಖಾನೆಯಲ್ಲಿ ಮೂರು ಪಾಳಿ ಇದ್ದು, ಪ್ರತಿ ಸೋಮವಾರ ಬದಲಾಗಬೇಕು. ದೂರುದಾರರಾದ ಮೇಲ್ವಿಚಾರಕ ಬಸವಕುಮಾರ ಅವರು ತಮಗೆ ಬೇಕಾದವರಿಗೆ ಹಗಲು ಪಾಳಿ ಕೊಟ್ಟು, ಕಬ್ಬು ನುರಿಸಲು ಶುರುವಾದಾಗಿನಿಂದ ನನ್ನನ್ನು ರಾತ್ರಿ ಪಾಳಿಯಲ್ಲೇ ಇಟ್ಟಿದ್ದಾರೆ. ಹಗಲು ನನಗೆ ನಿದ್ದೆ ಹತ್ತುವುದಿಲ್ಲ. ಹತ್ತಿದರೂ ಸಣ್ಣ ಸದ್ದಿಗೂ ಎಚ್ಚರವಾಗಿ ಮೈಯೆಲ್ಲ ಉರಿಯುತ್ತದೆ. ಹೆಂಡತಿ ಮಾಯವ್ವ ಕುಕ್ಕರ್ ಇಡುವುದನ್ನೇ ಬಿಟ್ಟಿದ್ದಾಳೆ. ಎಂಟು ವರ್ಷದ ಮಗಳು ಶ್ರೀದೇವಿ ಹಪ್ಪಳವನ್ನು ನೀರಿನಲ್ಲಿ ನೆನೆಸಿ ತಿನ್ನುತ್ತಾಳೆ. ಕಳೆದ ಭಾನುವಾರ ಮಧ್ಯಾಹ್ನ ಅವಳ ಕೈಯಿಂದ ತಾಟು ಜಾರಿ ಬಿದ್ದಾಗ ನಾನು ಎದ್ದು ಹೊಡೆದೆನು. ತುಟಿ ಒಡೆಯಿತು. ಅವಳು ಸದ್ದು ಮಾಡದೆ ಅತ್ತಳು.

ಅದೇ ಸಂಜೆ ಕಾರ್ಖಾನೆಗೆ ಹೋಗಿ ಪಾಳಿ ಬದಲಿಸಲು ಕೇಳಿದೆನು. ನಿದ್ದಿ ಹಗಲೇನು ರಾತ್ರಿಯೇನು ಎಲ್ಲಾ ಒಂದ ಐತಿ, ಮನಿ ಜಗಳಾ ಇಲ್ಲಿ ತರಬ್ಯಾಡ ಲೇ ಎಂದು ಬಸವಕುಮಾರ ಅವರು ಎಲ್ಲರೆದುರು ಅಂದರು. ಸೇಡು ತೀರಿಸಿಕೊಳ್ಳಬೇಕೆಂದು ನಾನು ಅಲ್ಲೇ ನಿಶ್ಚಯಿಸಿದೆನು.

ಇನ್ನೊಬ್ಬ ಮೇಲ್ವಿಚಾರಕರು ರಜೆ ಹಾಕಿದ್ದರಿಂದ ಸೋಮವಾರದಿಂದ ಬಸವಕುಮಾರ ಅವರಿಗೇ ರಾತ್ರಿ ಪಾಳಿ ಬಂತು. ಮಂಗಳವಾರ ಬೆಳಿಗ್ಗೆ 11 ಗಂಟೆಗೆ ನಾನು ನಮ್ಮ ಬೀರೇಶ್ವರ ಗುಡಿಯ ಡೊಳ್ಳು ಹೊತ್ತು, ಜಮಖಂಡಿಯ ಅವರ ಮನೆ ಬಾಗಿಲಿನಿಂದ ಆರು ಅಡಿ ದೂರ ನಿಂತು ಬಾರಿಸಿದೆನು. ದೇವರ ಡೊಳ್ಳು ಬಾಗಿಲಿಗೆ ಬಂದರೆ ಮನೆಯವರು ಎದ್ದು ಬಂದು ನೀರು ಹಾಕಿ ಕೈಮುಗಿಯಬೇಕು, ಸಾಕು ಎನ್ನಬಾರದು. ಅವರ ತಾಯಿ ಶಿವಗಂಗವ್ವ, ದೇವರು ತಾನಾಗೇ ಬಂದಾನ, ಏಳೋ ಎಂದು ಮಗನನ್ನು ಎಬ್ಬಿಸಿ ಕರೆತಂದರು. ಅವರು ಕೆಂಪು ಕಣ್ಣು ಬಿಟ್ಟುಕೊಂಡು ಒಂದು ತಾಸು ಕೈಮುಗಿದು ನಿಂತರು. ನೋಡಿ ನನಗೆ ಬಹಳ ಹಿತವಾಯಿತು. ಬುಧವಾರವೂ ಹೋದೆನು. ನನಗೆ ಹೇಗೂ ನಿದ್ದೆ ಬರುವುದಿಲ್ಲ.

ಇಂದು ಗುರುವಾರವೂ ನಾನು ಬಾರಿಸುತ್ತಿದ್ದಾಗ ಬಸವಕುಮಾರ ಅವರು ಸಿಟ್ಟಿನಿಂದ ತಾಯಿಯ ಕೈಯಲ್ಲಿದ್ದ ತಂಬಿಗೆ ಕಸಿದು ಎಸೆದರು. ಅದು ತಾಯಿಯ ಮೊಣಕಾಲಿಗೇ ಬಡಿದು ಅವರು ಕುಸಿದು ಕುಳಿತರು. ನಾನು ಡೊಳ್ಳು ನಿಲ್ಲಿಸಿ, ಸಾಹೇಬ್ರ, ಈಗ ಹೇಳ್ರಿ, ನಿದ್ದಿ ಎಲ್ಲಾ ಒಂದ ಐತೇನ್ರಿ ಎಂದು ಕೇಳಿದೆನು. ಅವರು ಠಾಣೆಗೆ ಫೋನ್ ಮಾಡಿದರು. ಅಜ್ಜಿಗೆ ಪೆಟ್ಟಾದದ್ದಕ್ಕೆ ನನಗೆ ಕೆಟ್ಟೆನಿಸಿದೆ. ಬಸವಕುಮಾರ ಅವರಿಗೆ ಆದದ್ದಕ್ಕೆ ಅನಿಸಿಲ್ಲ.

ನಾನು ಕುಡಿದಿರಲಿಲ್ಲ, ಯಾರನ್ನೂ ಬೈದಿಲ್ಲ. ಈ ಹೇಳಿಕೆಯನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದ್ದು ನಿಜವಿರುತ್ತದೆ. ಇನ್ನು ಮುಂದೆ ಬಾರಿಸುವುದಿಲ್ಲ ಎಂದು ಕೊನೆಗೆ ಠಾಣೆಯವರು ಬರೆದಿದ್ದ ಸಾಲು ನನ್ನದಲ್ಲವಾದ್ದರಿಂದ ಅದನ್ನು ಹೊಡೆದುಹಾಕಿಸಿ ಸಹಿ ಮಾಡಿದ್ದೇನೆ. ಬಸವಕುಮಾರ ಅವರ ರಾತ್ರಿ ಪಾಳಿ ಭಾನುವಾರದವರೆಗೆ ಇದೆ.

ಸ್ಥಳ: ಜಮಖಂಡಿ
ದಿನಾಂಕ: 23-01-2025
ಸಹಿ: ರೇವಪ್ಪ ಕ. ಪೂಜಾರಿ